ಮೂಲೆಯಲ್ಲಿ ಮಲಗಿದವರಿಗೂ ಗಾಳಿ

ಫ್ಯಾನು ಗಾಳಿಯನ್ನು ತಂಪುಗೊಳಿಸುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಗಾಳಿಯನ್ನು ಚಲಿಸುವಂತೆ ಮಾಡುತ್ತದೆ, ಅಷ್ಟೆ. ಮೈಗೆ ತಗಲುವ ಗಾಳಿಯಿಂದ ಬೆವರು ಆರುತ್ತದೆ. ಆರುವಾಗ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಆದುದರಿಂದ ಗಾಳಿಯು ಪ್ರತಿಯೊಬ್ಬರ ಮೈಯನ್ನೂ ಮುಟ್ಟಬೇಕು.

ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮುಂಬಯಿಯ ಚಾಳಿನ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಛಾವಣಿಯ ಫ್ಯಾನು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಅದು ನೆಲಕ್ಕೆ ಬಡಿದು ಹರಡುವಷ್ಟರಲ್ಲಿ ಬಲಗುಂದುತ್ತದೆ. ಮೂಲೆಯಲ್ಲಿರುವವರಿಗೆ ದೊರೆಯುವುದು ಅಲ್ಪವೇ. 1880ರ ದಶಕದಲ್ಲಿ ಅಮೆರಿಕದ ಸ್ಕೈಲರ್ ವೀಲರ್ ರೂಪಿಸಿದ ಮೇಜಿನ ಫ್ಯಾನಿಗೆ ಎರಡೇ ರೆಕ್ಕೆ, ಒಂದೇ ದಿಕ್ಕು.

ಹಾಗಾದರೆ ಏಕಕಾಲದಲ್ಲಿ ನಾಲ್ಕೂ ದಿಕ್ಕಿಗೆ ಗಾಳಿ ಹಂಚಬಾರದೇಕೆ? ಅದೇ ಮೋಟರಿನ ಗಾಳಿ ನಾಲ್ಕು ಪಾಲಾದರೆ ಯಾವ ಪಾಲಿಗೂ ಬೆವರು ಆರಿಸುವಷ್ಟು ವೇಗ ಉಳಿಯದು. ತಲೆಯಾಡಿಸುವ ಫ್ಯಾನು ಈ ತೊಡಕನ್ನು ಬಿಡಿಸಿತು. ಮೋಟರಿನ ಹಿಂಬದಿಯ ಹಲ್ಲುಚಕ್ರಗಳು ವೇಗವನ್ನು ತಗ್ಗಿಸಿ, ಸಣ್ಣ ಸರಳೊಂದರ ಮೂಲಕ ಫ್ಯಾನಿನ ತಲೆಯನ್ನು ಎಡಬಲಕ್ಕೆ ತಿರುಗಿಸುತ್ತವೆ. ಹೀಗೆ ಪೂರ್ಣ ಬಲದ ಗಾಳಿ ಸರದಿಯಂತೆ ಎಲ್ಲರಿಗೂ ದೊರೆಯುತ್ತದೆ.

ಆದರೆ ಯಾವ ವಿನ್ಯಾಸಕ್ಕೂ ಒಂದು ಮಿತಿಯುಂಟು. ಕೋಣೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಫ್ಯಾನಿನ ಗಾಳಿಯೇ ದೇಹವನ್ನು ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ವೃದ್ಧರಲ್ಲಿ ಬೆವರುವ ಶಕ್ತಿಯೂ ಕುಂದಿರುತ್ತದೆ. ಅಂಥ ವೇಳೆ ಫ್ಯಾನನ್ನೇ ನೆಚ್ಚದೆ ಅವರ ಮೈಯನ್ನು ಒದ್ದೆಬಟ್ಟೆಯಿಂದ ಒರೆಸಬೇಕು, ಆಗಾಗ್ಗೆ ನೀರು ಕುಡಿಸಬೇಕು, ತಂಪಾದ ಸ್ಥಳಕ್ಕೆ ಕರೆದೊಯ್ಯಬೇಕು. ಉಳಿದ ದಿನಗಳಲ್ಲಿ ಅವರ ಹಾಸಿಗೆ ಫ್ಯಾನಿನ ಸುತ್ತಿನೊಳಗೆ ಇರುವಂತೆ ನೋಡಿಕೊಳ್ಳುವುದು ಮನೆಮಂದಿಯ ಕರ್ತವ್ಯ.