ಹಾಲೆ ಮರ ತೋರಿಸುವವರು ಯಾರು?

ಆಟಿ ಅಮಾವಾಸ್ಯೆಯ ಕಷಾಯ ಕುಡಿದಿದ್ದೀರಾ? ತುಂಬಾ ಕಹಿ. ಮಕ್ಕಳು ಮುಖ ಕಿವುಚುತ್ತಾರೆ.

ತುಳುನಾಡಿನಲ್ಲಿ ಆಟಿ ಎಂದರೆ ಜೋರು ಮಳೆಯ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆ ತಿಂಗಳ ಅಮಾವಾಸ್ಯೆಯಂದು ಹಾಲೆ ಮರದ ಕೆತ್ತೆ, ಎಂದರೆ ತೊಗಟೆ, ತರುತ್ತಾರೆ. ತುಳುವಿನಲ್ಲಿ ಇದು ಪಾಲೆ ಮರ. ಸೂರ್ಯ ಹುಟ್ಟುವ ಮೊದಲೇ ಹೋಗಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕೆತ್ತೆ ಅರೆದು ರಸ ತೆಗೆದು ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕುತ್ತಾರೆ. ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಹಾಕಿದರೆ 'ಚುಂಯ್' ಎನ್ನುತ್ತದೆ. ಆಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ. ಇದನ್ನು ಕುಡಿದರೆ ರೋಗ ಬರುವುದಿಲ್ಲ ಎಂದು ಹಿರಿಯರ ನಂಬಿಕೆ.

ಹಿಂದೆ ಮರ ಹುಡುಕುವ ಕೆಲಸ ಅಜ್ಜಂದಿರದು. ಮೊಮ್ಮಕ್ಕಳು ಅವರ ಬೆನ್ನ ಹಿಂದೆಯೇ ಹೋಗಿ ಮರ ಕಲಿಯುತ್ತಿದ್ದರು. ಈಗ ನಮ್ಮ ವಾಮಂಜೂರು ಪೇಟೆಯಾಗಿದೆ. ಗುಡ್ಡ ಕಡಿದು ಮನೆ ಕಟ್ಟಿದ್ದಾರೆ. ಅಜ್ಜನಿಗೆ ಕಾಲುನೋವು. ಹುಡುಗ ಕತ್ತಲೆಯಲ್ಲಿ ಒಬ್ಬನೇ ಹೋಗುತ್ತಾನೆ. ಅಪಾಯ ಇರುವುದು ಇಲ್ಲೇ. ಹಾಲೆ ಎಂದುಕೊಂಡು ಕಾಸರಕದ ಕೆತ್ತೆ ತಂದರೆ ಅದು ವಿಷ. ಎರಡೂ ಕಹಿ, ಬಾಯಿರುಚಿಯಿಂದ ಗೊತ್ತಾಗುವುದಿಲ್ಲ. ಕುಡಿದವರ ಮೈ ಸೆಟೆಯುತ್ತದೆ. ಜೀವವೇ ಹೋಗಬಹುದು.

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಮಾತು ಬಂತು. ಅಲ್ಲಿಗೆ ಒಬ್ಬರು ಅಜ್ಜಿ ಬರುತ್ತಾರೆ. "ನಾನು ಓದದವಳು, ನನಗೇನು ಗೊತ್ತುಂಟು ಟೀಚರೇ" ಅಂತ ಯಾವಾಗಲೂ ಹಿಂದೆ ಕೂರುವವರು. ಅವತ್ತು ಅವರೇ ಎದ್ದು ನಮ್ಮನ್ನೆಲ್ಲ ಗುಡ್ಡೆಗೆ ಕರೆದುಕೊಂಡು ಹೋದರು. ಮರ ಮುಟ್ಟಿ ತೋರಿಸಿದರು. ಹಾಲೆಯ ಎಲೆಗಳು ಒಂದೇ ಗಂಟಿನಲ್ಲಿ 5, 6, 7 ಸುತ್ತಲೂ ಹರಡಿರುತ್ತವೆ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎರಡೆರಡೇ, ಎದುರುಬದುರು. ಹಾಲಿಲ್ಲ. ಹಣ್ಣು ಉರುಟು, ಕಿತ್ತಳೆ ಬಣ್ಣ.

"ಹಾಲು ಬಂದದ್ದೆಲ್ಲ ಹಾಲೆ ಅಲ್ಲ ಮಗಾ, ಎಲೆ ಲೆಕ್ಕ ಮಾಡು" ಅಂದರು. ಬೇರೆ ವಿಷದ ಮರಗಳಲ್ಲೂ ಹಾಲು ಇರುತ್ತದೆ ನೋಡಿ. ಟೀಚರ್ ಆದ ನಮಗೂ ಇದು ತಿಳಿದಿರಲಿಲ್ಲ!

ಅವರ ಮೊಮ್ಮಗಳು ಎಲ್ಲವನ್ನೂ ಬರೆದುಕೊಂಡಳು. ಎಲೆಯ ಚಿತ್ರವನ್ನೂ ಬಿಡಿಸಿದಳು. ಅದನ್ನು ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಎದುರುಬದುರು" ಎಂಬಲ್ಲಿ ತುಸು ತಡೆದರು, ಮೊಮ್ಮಗಳು ಹೇಳಿಕೊಟ್ಟಳು.

ನೀವೂ ಅಮಾವಾಸ್ಯೆಗೆ ಮೊದಲೇ, ಹಗಲಿನಲ್ಲೇ, ಹಿರಿಯರ ಜತೆ ಹೋಗಿ ಮರ ನೋಡಿ. ಗುರುತಿಗೆ ಬಾಳೆನಾರು ಕಟ್ಟಿ ಬನ್ನಿ. ನಡೆಯಲಾಗದ ಅಜ್ಜನಿಗೆ ಎಲೆಯಿರುವ ಗೆಲ್ಲು ತಂದು ತೋರಿಸಿ. ನಮಗೆ ಹತ್ತಿರದ ಪಿಲಿಕುಳ ನಿಸರ್ಗಧಾಮದಲ್ಲಿ ಘಟ್ಟದ ಮರಗಳನ್ನು ಬೆಳೆಸಿದ್ದಾರೆ, ಅಲ್ಲಿಯೂ ಕೇಳಬಹುದು. ಅನುಮಾನ ಬಂದರೆ ಆ ವರ್ಷ ಕಷಾಯವೇ ಬೇಡ. ಕುಡಿದ ಮೇಲೆ ಮೈ ಸೆಟೆದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಉಳಿದ ಕೆತ್ತೆಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.