ತಲೆಗೆ ಹೊಲಿಗೆ, ಕೊರಳಿಗೆ ಚಿನ್ನ

ಗೋಲು ಬೀಳದಂತೆ ತಡೆಯುವವನೇ ಮುಂದೆ ಹೋಗಿ ಗೋಲು ಹೊಡೆದ! ಅದೂ ತಲೆಗೆ ಹೊಲಿಗೆ ಹಾಕಿಸಿಕೊಂಡು, ಅದೂ ಏಷ್ಯನ್ ಗೇಮ್ಸ್ ಫುಟ್ಬಾಲ್ ಫೈನಲ್‌ನಲ್ಲಿ! ಜರ್ನೈಲ್ ಸಿಂಗ್ ಎಂಬ ಹೆಸರು ಇಷ್ಟು ವರ್ಷ ನನ್ನ ಕಿವಿಗೆ ಬೀಳಲೇ ಇಲ್ಲವಲ್ಲ! ಬಿದ್ದ ದಿನದಿಂದ ನಮ್ಮೂರು ಕೊತ್ತಪಲ್ಲಿಯಲ್ಲಿ ಎದುರಾದವರಿಗೆಲ್ಲ ಇದೇ ಕತೆ ಹೇಳುತ್ತಿದ್ದೇನೆ.

ಹುಟ್ಟಿದ್ದು 1936ರಲ್ಲಿ. ದೇಶ ಒಡೆದಾಗ ಲೈಲ್‌ಪುರದ ಕಡೆಯಿಂದ ಮನೆಮಂದಿಯ ಜೊತೆ ಹೋಶಿಯಾರ್‌ಪುರ ಜಿಲ್ಲೆಗೆ ಬಂದ ಹುಡುಗ. ಮಾಹಿಲ್‌ಪುರದ ಖಾಲ್ಸಾ ಕಾಲೇಜು ಸೇರಿ, ಅಲ್ಲಿ ಆಡುತ್ತಲೇ ಹೆಸರು ಮಾಡಿದ. 1959ಕ್ಕೆ ಕೋಲ್ಕತ್ತಾದ ಮೋಹನ್ ಬಾಗಾನ್, ಮರುವರ್ಷವೇ ರೋಮ್ ಒಲಿಂಪಿಕ್ಸ್! ಆಡುತ್ತಿದ್ದ ಜಾಗ ಸ್ಟಾಪರ್. ನಮ್ಮ ಕಬಡ್ಡಿ ಹುಡುಗರಿಗೆ ತಿಳಿಯುವ ಹಾಗೆ ಹೇಳಿದರೆ, ಒಳಗೆ ಬಂದವನನ್ನು ಹಿಡಿದು ಕೆಡವುವ ಆಳು. ಅಂಥವನನ್ನು ಯಾರಾದರೂ ರೈಡಿಗೆ ಕಳಿಸುತ್ತಾರೆಯೇ?

ಕಳಿಸಿದರು! ಕಳಿಸಿದವರು ಯಾರೆಂದು ತಿಳಿದಾಗ ನಾನು ಕೂತಲ್ಲಿಂದ ಎದ್ದೇ ಬಿಟ್ಟೆ. ಭಾರತ ತಂಡದ ಕೋಚ್, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು. ಉಸ್ಮಾನಿಯಾದಲ್ಲಿ ಓದಿ, ಶಾಲೆಯಲ್ಲಿ ಮೇಷ್ಟ್ರಾಗಿ, ಸಿಟಿ ಪೊಲೀಸ್ ತಂಡವನ್ನು ಕಟ್ಟಿ ಬೆಳೆಸಿದವರು. 1956ರ ತನಕ ನಮ್ಮ ನಾರಾಯಣಪೇಟೆ, ರಾಯಚೂರು, ಹೈದರಾಬಾದು ಎಲ್ಲ ಒಂದೇ ರಾಜ್ಯ. ಹಾಗೆ ನೋಡಿದರೆ ಅವರು ನಮ್ಮವರೇ!

1962, ಜಕಾರ್ತ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2 ಸೋಲು. ಥಾಯ್ಲೆಂಡ್ ಮೇಲೆ 4–1 ಗೆದ್ದರೂ ಜರ್ನೈಲ್ ತಲೆ ಒಡೆದು ರಕ್ತ ಸುರಿಯಿತು, ಹೊಲಿಗೆ ಬಿತ್ತು. ತಲೆಯಿಂದಲೇ ಚೆಂಡು ಹೊಡೆದಟ್ಟಬೇಕಾದ ಸ್ಟಾಪರ್‌ಗೆ ತಲೆಗೇ ಏಟು! ಬೇರೆ ಯಾರಾದರೂ ಆಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ರಹೀಂ ಸಾಹೇಬರು ಸೆಮಿಫೈನಲ್‌ಗೆ ಆ ಕಟ್ಟು ಕಟ್ಟಿದ ತಲೆಯವನನ್ನೇ ಸೆಂಟರ್ ಫಾರ್ವರ್ಡ್ ಮಾಡಿದರು. ದಕ್ಷಿಣ ವಿಯೆಟ್ನಾಂ ಮೇಲೆ 3–2 ಗೆಲುವು, ಅದರಲ್ಲಿ ಒಂದು ಗೋಲು ಜರ್ನೈಲ್‌ದೇ!

ಸೆಪ್ಟೆಂಬರ್ 4, ಫೈನಲ್. ಎದುರಿಗೆ ಮತ್ತದೇ ಕೊರಿಯಾ. ಇಸ್ರೇಲ್, ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದಕ್ಕೆ ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರಿಂದ ಸೆನಾಯನ್ ಕ್ರೀಡಾಂಗಣ ತುಂಬಿದ್ದ ಜನವೆಲ್ಲ ನಮ್ಮವರ ವಿರುದ್ಧ. ಸುಮಾರು ಒಂದು ಲಕ್ಷ ಗಂಟಲು! ಅದರ ನಡುವೆ ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ಭಾರತಕ್ಕಾಗಿ ಕೂಗಿದರಂತೆ. ಇದನ್ನು ಓದಿ ನನ್ನ ಕಣ್ಣು ತುಂಬಿತು. ಗೋಲಿನಲ್ಲಿ ಫ್ಲೂ ಜ್ವರದಿಂದ ಎದ್ದು ಬಂದ ತಂಗರಾಜ್. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷ, ತಲೆಗೆ ಹೊಲಿಗೆ ಹಾಕಿದ್ದ ಜರ್ನೈಲ್ ಇನ್ನೊಂದು! ಕೊರಿಯಾ ಒಂದು ತೀರಿಸಿತು, ಅಷ್ಟೇ. 2–1, ಚಿನ್ನ! ಆಮೇಲೆ ಇಂದಿನವರೆಗೂ ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ನಮಗೆ ಸಿಕ್ಕಿಲ್ಲ.

ರಹೀಂ ಸಾಹೇಬರಿಗೆ ಕ್ಯಾನ್ಸರ್. 1963ರ ಜೂನ್‌ನಲ್ಲಿ ತೀರಿಕೊಂಡರು, ಮರು ಏಷ್ಯಾಡ್ ನೋಡಲಿಲ್ಲ. ಜರ್ನೈಲ್‌ಗೆ 1964ರಲ್ಲಿ ಅರ್ಜುನ ಪ್ರಶಸ್ತಿ, ಭಾರತದ ನಾಯಕತ್ವ, ಅದರ ಮೇಲೆ ಏಷ್ಯಾ ಆಲ್ ಸ್ಟಾರ್ಸ್ ತಂಡದ ನಾಯಕತ್ವ. ಒಂದು ಸಣ್ಣ ಊರಿನ ಕಾಲೇಜು ಹುಡುಗ ಇಡೀ ಏಷ್ಯಾಕ್ಕೆ ಕ್ಯಾಪ್ಟನ್! 2000ದಲ್ಲಿ ಕೆನಡಾದಲ್ಲಿ ಕಣ್ಣು ಮುಚ್ಚಿದರು.

ನಿನ್ನೆ ಸಂಜೆ ನಮ್ಮೂರ ಅಂಗಳದಲ್ಲಿ ಈ ಕತೆ ಹೇಳಿ ಮುಗಿಸಿದೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗನೊಬ್ಬ ಮಣ್ಣು ಝಾಡಿಸಿಕೊಂಡು ಎದ್ದು, "ಈ ಸಲ ರೈಡಿಗೆ ನಾ ಹೋಗ್ತೀನಣ್ಣಾ" ಅಂದ.