ಇಸಿಜಿಗೆ ಸಿಗದ ಎದೆಬಡಿತ

ಎದೆಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 150ರಿಂದ 220ರವರೆಗೆ ಏರಿ, ಕೆಲವು ನಿಮಿಷವೋ ಗಂಟೆಯೋ ಕಳೆದ ಮೇಲೆ ಅಷ್ಟೇ ಥಟ್ಟನೆ ಇಳಿದುಬಿಡುವ ತೊಂದರೆಗೆ ಪಿಎಸ್‌ವಿಟಿ ಎಂದು ಹೆಸರು. ಬಹುಪಾಲು ರೋಗಿಗಳ ಹೃದಯದ ಸ್ನಾಯು, ಕವಾಟ, ರಕ್ತನಾಳಗಳು ಚೆನ್ನಾಗಿಯೇ ಇರುತ್ತವೆ. ದೋಷವಿರುವುದು ವಿದ್ಯುತ್ ಸಂಕೇತ ಹರಿಯುವ ದಾರಿಯಲ್ಲಿ.

ಪ್ರತಿ ಬಡಿತದ ಸಂಕೇತ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟಿ, ಏವಿ ನೋಡ್ ಎಂಬ ಪುಟ್ಟ ಗಂಟನ್ನು ದಾಟಿ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಕೆಲವರಲ್ಲಿ ಈ ಗಂಟಿನ ಬಳಿ ಎರಡು ದಾರಿಗಳಿರುತ್ತವೆ: ಒಂದು ವೇಗದ್ದು, ಒಂದು ನಿಧಾನದ್ದು. ಅವಧಿಗೆ ಮುನ್ನ ಬಂದ ಬಡಿತವೊಂದು ನಿಧಾನದ ದಾರಿಯಲ್ಲಿ ಇಳಿದು ವೇಗದ ದಾರಿಯಲ್ಲಿ ಮರಳಿ ಏರಿದರೆ, ಸಂಕೇತ ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ಒಂದು ಸುತ್ತಿಗೆ ಒಂದು ಬಡಿತ. ಈ ಬಗೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಇನ್ನು ಕೆಲವರಿಗೆ ಹೃತ್ಕರ್ಣ, ಹೃತ್ಕುಕ್ಷಿಗಳ ನಡುವೆ ಹುಟ್ಟಿನಿಂದಲೇ ಹೆಚ್ಚುವರಿ ಎಳೆಯೊಂದು ಇರುತ್ತದೆ; 1930ರಲ್ಲಿ ಇಂಥ ರೋಗಿಗಳ ಬಗ್ಗೆ ವರದಿ ಮಾಡಿದ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಅವರ ಹೆಸರೇ ಅದರ ಒಂದು ಬಗೆಗೆ ಉಳಿದಿದೆ.

ಪತ್ತೆಹಚ್ಚುವುದೇ ಕಷ್ಟದ ಕೆಲಸ. ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡಿನ ಬಡಿತವನ್ನು. ರೋಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಓಟ ನಿಂತಿರುತ್ತದೆ, ವರದಿ ‘ನಾರ್ಮಲ್’ ಎನ್ನುತ್ತದೆ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಬೆವರು, ಭಯ, ಇವೆಲ್ಲ ಪ್ಯಾನಿಕ್ ಅಟ್ಯಾಕ್‌ನ ಲಕ್ಷಣಗಳೂ ಹೌದು. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪಿಎಸ್‌ವಿಟಿ ಖಚಿತವಾಗಿದ್ದ 107 ರೋಗಿಗಳ ಪೈಕಿ ಶೇ 67ರಷ್ಟು ಮಂದಿಯ ಲಕ್ಷಣಗಳು ಪ್ಯಾನಿಕ್ ಕಾಯಿಲೆಯ ಮಾನದಂಡಗಳಿಗೂ ಹೊಂದಿಕೊಂಡಿದ್ದವು. ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಸಲಹೆಯೊಂದಿಗೆ ಮನೆಗೆ ಮರಳುವವರು, ಅದರಲ್ಲೂ ಹೆಂಗಸರು, ಇಂದಿಗೂ ಕಡಿಮೆಯಿಲ್ಲ. ಹಾಗಾಗಿ ರೋಗಿಯ ಮಾತನ್ನು ಕಿವಿಗೊಟ್ಟು ಕೇಳುವುದೇ ಮೊದಲ ಪರೀಕ್ಷೆ. ಸ್ವಿಚ್ ಹಾಕಿದಂತೆ ಶುರುವಾಗಿ ಹಾಗೆಯೇ ನಿಲ್ಲುವುದು, ಕುತ್ತಿಗೆಯಲ್ಲಿ ಬಡಿತ ಕುಣಿಯುವುದು, ಆಮೇಲೆ ಧಾರಾಳವಾಗಿ ಮೂತ್ರ ಹೋಗುವುದು ಒಳ್ಳೆಯ ಸುಳಿವುಗಳು.

ಅಮೆರಿಕದ ನಾರ್ಮನ್ ಹೋಲ್ಟರ್ ರೂಪಿಸಿದ, ಮೈಮೇಲೆ ಹೊತ್ತು ಓಡಾಡುತ್ತಲೇ ಇಸಿಜಿ ದಾಖಲಿಸುವ ಯಂತ್ರ ಮೊದಲಿಗೆ ಸುಮಾರು 38 ಕಿಲೋ ತೂಗುತ್ತಿತ್ತು. ಈಗಿನದು ಅಂಗಿಯ ಒಳಗೆ ಅಡಗುತ್ತದೆ. ಆದರೆ ಎರಡು ತಿಂಗಳಿಗೊಮ್ಮೆ ಬರುವ ಓಟ 24 ಗಂಟೆಯ ಹೋಲ್ಟರ್‌ಗೆ ಸಿಕ್ಕರೆ ಅದೃಷ್ಟ. ಅಂಥವರಿಗೆ ವಾರಗಟ್ಟಲೆ ಧರಿಸುವ ಪ್ಯಾಚ್, ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಬೇಕಾಗಬಹುದು. ಓಟದ ಹೊತ್ತಿನಲ್ಲೇ ತೆಗೆದ ಸ್ಮಾರ್ಟ್‌ವಾಚ್ ಇಸಿಜಿಯೂ ವೈದ್ಯರಿಗೆ ದಾರಿ ತೋರಬಲ್ಲದು.

ಓಟ ಶುರುವಾದಾಗ ಉಸಿರು ಬಿಗಿಹಿಡಿದು ತಿಣುಕಿದರೆ ವೇಗಸ್ ನರ ಚುರುಕಾಗಿ ಸುತ್ತು ತುಂಡಾಗಬಹುದು. ಹದಿನೈದು ಸೆಕೆಂಡು ತಿಣುಕಿದೊಡನೆ ಅಂಗಾತ ಮಲಗಿಸಿ ಕಾಲೆತ್ತಿ ಹಿಡಿದರೆ ಫಲ ಹೆಚ್ಚು: 2015ರ ಬ್ರಿಟನ್ನಿನ ಪ್ರಯೋಗದಲ್ಲಿ ಇದು ಶೇ 43 ಮಂದಿಗೆ ನೆರವಾಯಿತು, ಹಳೆಯ ವಿಧಾನ ಶೇ 17ಕ್ಕೆ. ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಅಡೆನೋಸಿನ್ ಚುಚ್ಚುಮದ್ದು. ಕೆಲವೇ ಸೆಕೆಂಡು ರಕ್ತದಲ್ಲಿ ಉಳಿದರೂ ಆ ಸೆಕೆಂಡುಗಳು ಭಯಂಕರ ಎನ್ನುತ್ತಾರೆ ರೋಗಿಗಳು. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಕಾಯುವಂತಿಲ್ಲ.

ದೀರ್ಘಕಾಲದ ಚಿಕಿತ್ಸೆಯ ಆಯ್ಕೆ ರೋಗಿಯ ಬದುಕಿನ ಮೇಲೆ ನಿಂತಿದೆ, ಏಕೆಂದರೆ ಈ ಕಾಯಿಲೆ ಜೀವ ತೆಗೆಯುವುದು ಅಪರೂಪ. ವರ್ಷಕ್ಕೊಮ್ಮೆ ಐದು ನಿಮಿಷ ಬಂದು ಹೋಗುವುದಾದರೆ ಸುಮ್ಮನಿರುವುದೂ ಸರಿಯಾದ ಆಯ್ಕೆಯೇ. ಬೀಟಾ ಬ್ಲಾಕರ್, ವೆರಪಾಮಿಲ್ ಮಾತ್ರೆಗಳು ಓಟವನ್ನು ಕಡಿಮೆ ಮಾಡುತ್ತವೆ, ಬೇರು ಕೀಳುವುದಿಲ್ಲ. ಸುಸ್ತು, ಮಲಬದ್ಧತೆ ಜೊತೆಗೆ ಬರಬಹುದು. ಕ್ಯಾಥೆಟರ್ ಅಬ್ಲೇಷನ್‌ನಲ್ಲಿ ತೊಡೆಯ ರಕ್ತನಾಳದಿಂದ ತೂರಿಸಿದ ತಂತಿಯ ತುದಿಯ ಶಾಖದಿಂದ ಸುತ್ತಿಗೆ ಕಾರಣವಾದ ದಾರಿಯನ್ನೇ ಸುಡುತ್ತಾರೆ. ಯಶಸ್ಸು ಶೇ 95ರ ಆಸುಪಾಸು. ಏವಿ ನೋಡ್‌ಗೇ ಪೆಟ್ಟಾಗಿ ಪೇಸ್‌ಮೇಕರ್ ಹಾಕಬೇಕಾದ ಸಂಭವ ಸುಮಾರು ಶೇ 1 ಅಥವಾ ಅದಕ್ಕಿಂತ ಕಡಿಮೆ. ಇಪ್ಪತ್ತೈದರ ವಯಸ್ಸಿನವರಿಗೆ ಅದೂ ಸಣ್ಣ ಮಾತಲ್ಲ. ಗರ್ಭ ಧರಿಸಲು ಬಯಸುವವರು ಮೊದಲೇ ಅಬ್ಲೇಷನ್ ಮುಗಿಸಿಕೊಂಡರೆ ಆ ತಿಂಗಳುಗಳಲ್ಲಿ ಮಾತ್ರೆ ತಪ್ಪಬಹುದು.

ವುಲ್ಫ್-ಪಾರ್ಕಿನ್ಸನ್-ವೈಟ್ ಬಗೆಯಲ್ಲಿ ತಕ್ಕಡಿ ಅಬ್ಲೇಷನ್‌ನತ್ತ ವಾಲುತ್ತದೆ. ಅವರಿಗೆ ಹೃತ್ಕರ್ಣದ ಕಂಪನವೂ ಬಂದರೆ, ಹೆಚ್ಚುವರಿ ಎಳೆಯ ಮೂಲಕ ಹೃತ್ಕುಕ್ಷಿಗಳ ಬಡಿತ ಪ್ರಾಣಾಪಾಯದ ಮಟ್ಟಕ್ಕೆ ಏರಬಲ್ಲದು. ಆಗ ವೆರಪಾಮಿಲ್ ಕೊಟ್ಟರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ.